ಉಪ್ಪುಕಾಗದದ ಉಪೇಕ್ಷೆ

ದಸರೆ, ದೀಪಾವಳಿಗಳು ಸಮೀಪಿಸುತ್ತಿದ್ದಂತೆ ಮುಂಬಯಿ, ಪುಣೆಗಳ ಕನ್ನಡಿಗರ ಮನೆಗಳಲ್ಲಿ ಬಣ್ಣದ ಮಾತು ಪ್ರಾರಂಭವಾಗುತ್ತದೆ. ಹಜಾರಕ್ಕೆ ದಂತವರ್ಣವೋ ತಿಳಿಹಸಿರೋ ಎಂಬ ಚರ್ಚೆಗೆ ವಾರಗಟ್ಟಲೆ ಕಾಲ ಸಲ್ಲುತ್ತದೆ. ಡಬ್ಬಿಯ ಬೆಲೆಯನ್ನು ನಾಲ್ಕು ಅಂಗಡಿಗಳಲ್ಲಿ ವಿಚಾರಿಸಲಾಗುತ್ತದೆ. ಉಪ್ಪುಕಾಗದ, ಕುಂಚ, ರೋಲರ್, ಮುಖವಾಡಗಳ ಆಯ್ಕೆ ಮಾತ್ರ ಪೂರ್ಣವಾಗಿ ಗುತ್ತಿಗೆದಾರನ ಮರ್ಜಿಗೆ ಬಿಟ್ಟ ವಿಷಯ. ಇದು ಸರಿಯಾದ ಕ್ರಮವಲ್ಲ. ಮನೆಮಂದಿಯ ಆರೋಗ್ಯಕ್ಕೆ ಬಣ್ಣದ ಡಬ್ಬಿಗಿಂತ ಹತ್ತಿರದ ಸಂಬಂಧವಿರುವುದು ಈ ಚಿಲ್ಲರೆ ಸಾಮಗ್ರಿಗಳಿಗೆ.

ಕಾರಣ, ಸೀಸ. ಹಿಂದಿನ ದಶಕಗಳ ಎಣ್ಣೆಬಣ್ಣಗಳಲ್ಲಿ, ವಿಶೇಷವಾಗಿ ಹಳದಿ, ಕೇಸರಿ, ಕೆಂಪುಗಳಲ್ಲಿ, ಸೀಸದ ಸಂಯುಕ್ತಗಳ ಬಳಕೆ ಧಾರಾಳವಾಗಿತ್ತು. ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲೆಂದು ಬಳಿಯುತ್ತಿದ್ದ ಕೆಂಪು ಸೀಸದ ಅಡಿಲೇಪವಂತೂ ಹೆಸರಿನಲ್ಲೇ ಅದನ್ನು ಹೊತ್ತಿತ್ತು. ಸೀಸದ ವಿಷಬಾಧೆಯನ್ನು ಕುರಿತ ಅಂತರರಾಷ್ಟ್ರೀಯ ಸಮ್ಮೇಳನವೊಂದು ೧೯೯೯ರಲ್ಲೇ ಬೆಂಗಳೂರಿನಲ್ಲಿ ನಡೆದಿತ್ತು. ಆದರೂ ಗೃಹಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷದಲ್ಲಿ ೯೦ ಭಾಗಗಳನ್ನು ಮೀರಬಾರದೆಂಬ ಕೇಂದ್ರ ಸರಕಾರದ ನಿಯಮ ಹೊರಬಿದ್ದದ್ದು ೨೦೧೬ರಲ್ಲಿ; ಜಾರಿಗೆ ಬಂದದ್ದು ೨೦೧೭ರ ನವೆಂಬರ್ ೧ರಿಂದ. ಆ ನಿಯಮ ಹೊಸ ಡಬ್ಬಿಗೆ ಅನ್ವಯಿಸುತ್ತದೆ. ಮಾಟುಂಗಾ, ದಾದರಗಳ ಹಳೆಯ ಕಟ್ಟಡಗಳ ಬಾಗಿಲಲ್ಲಿ ಪದರಪದರವಾಗಿ ಕೂತಿರುವ ನಲವತ್ತು ವರ್ಷಗಳ ಬಣ್ಣಕ್ಕೆ ಅದು ಏನನ್ನೂ ಮಾಡದು.

ಗೋಡೆಯ ಸುಣ್ಣ, ಡಿಸ್ಟೆಂಪರುಗಳಿಗಿಂತ ಬಾಗಿಲು, ಕಿಟಕಿ, ಸರಳುಗಳ ಎಣ್ಣೆಬಣ್ಣದಲ್ಲೇ ಅಪಾಯ ಹೆಚ್ಚು. ಗಟ್ಟಿಯಾಗಿ ಅಂಟಿಕೊಂಡಿರುವವರೆಗೆ ಬಾಧೆ ಕಡಿಮೆ. ಒಣ ಉಪ್ಪುಕಾಗದದಿಂದ ಉಜ್ಜಿದೊಡನೆ ಅದು ಕಣ್ಣಿಗೆ ಕಾಣದಷ್ಟು ನುಣ್ಣನೆಯ ಧೂಳಾಗಿ ನೆಲ, ಹಾಸಿಗೆ, ಹಿಟ್ಟಿನ ಡಬ್ಬಿಗಳ ಮೇಲೆ ಇಳಿಯುತ್ತದೆ. ಅಂಬೆಗಾಲಿಡುವ ಮಗು ಆ ನೆಲ ಮುಟ್ಟಿದ ಕೈಯನ್ನು ಬಾಯಿಗಿಡುತ್ತದೆ. ನುಂಗಿದ ಸೀಸವನ್ನು ಎಳೆಯರ ದೇಹ ದೊಡ್ಡವರದಕ್ಕಿಂತ ನಾಲ್ಕೈದು ಪಟ್ಟು ಹೀರಿಕೊಳ್ಳಬಲ್ಲದು. ಮಿದುಳಿಗಾದ ಹಾನಿ ಮತ್ತೆ ನೆಟ್ಟಗಾಗದು. ನಿರಪಾಯವೆನ್ನಬಹುದಾದ ಪ್ರಮಾಣ ಯಾವುದೂ ತಿಳಿದಿಲ್ಲವೆಂಬುದೇ ವಿಶ್ವ ಆರೋಗ್ಯ ಸಂಸ್ಥೆಯ ನಿಲುವು.

ನಮ್ಮವರ ರೂಢಿಯೊಂದು ಇಲ್ಲಿ ವಿಚಾರಾರ್ಹ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವಳೆಂದರೆ ಮನೆಗೆ ಬಣ್ಣ ಹೊಡೆಸುವ ಉತ್ಸಾಹ ಮೂಡುತ್ತದೆ. ಒಂದು ಕೋಣೆ, ಒಂದು ಅಡಿಗೆಮನೆಯ ಮಹಾನಗರದ ವಾಸದಲ್ಲಿ ಬಾಗಿಲು ಉಜ್ಜುವ ಕೆಲಸ ಇತ್ತ ನಡೆದಿರುತ್ತದೆ. ತುಂಬು ಬಸುರಿ ಅತ್ತ ಕುಳಿತಿರುತ್ತಾಳೆ. ತಾಯಿಯ ರಕ್ತದ ಸೀಸ ಗರ್ಭಸ್ಥ ಶಿಶುವಿಗೂ ದಾಟುತ್ತದೆ. ಕೆಲಸ ಮುಗಿದು ಮನೆ ಶುಚಿಯಾದ ಮೇಲೆ ಆಕೆ ಬರಲಿ, ಇಲ್ಲವೇ ಬಣ್ಣವೇ ಮುಂದಿನ ವರ್ಷಕ್ಕೆ ಹೋಗಲಿ. ಗೋಡೆ ಮಾಸಿದೆಯೆಂದು ನಾಮಕರಣದ ಊಟ ಬಿಟ್ಟು ಎದ್ದುಹೋದವರಿಲ್ಲ.

ಇನ್ನು ಕಾಗದದ ಮಾತು. ಅದರ ಬೆನ್ನಿನ ಮೇಲೆ ಅಂಕಿಯಿರುತ್ತದೆ. ಅಂಕಿ ಚಿಕ್ಕದಾದಷ್ಟೂ ಕಾಗದ ಒರಟು. ಎದ್ದ ಪದರಿಗೆ ೮೦, ಹಳೆಯ ಎಣ್ಣೆಬಣ್ಣಕ್ಕೆ ೧೨೦ರಿಂದ ೧೮೦, ಎರಡು ಲೇಪಗಳ ನಡುವೆ ೨೨೦ ಅಥವಾ ೩೨೦ ಸಾಕು. ಅಂಕಿಗಿಂತ ಮುಖ್ಯವಾದುದು ಜಾತಿ. ನೀರಿಗೆ ಕರಗದ ಕಪ್ಪು ಕಾಗದವನ್ನೇ, ಅಂಗಡಿಗಳಲ್ಲಿ ವಾಟರ್ ಪೇಪರ್ ಎಂದು ಕರೆಯುವುದನ್ನೇ, ಗೃಹಸ್ಥನು ತಾನಾಗಿ ಕೊಂಡು ತರಬೇಕು. ಬಾಗಿಲನ್ನು ಒದ್ದೆ ಮಾಡಿಯೇ ಉಜ್ಜಿಸಬೇಕು. ಇದರಿಂದ ಕೆಲಸ ನಿಧಾನವೆಂಬ ಆಕ್ಷೇಪಣೆ ನಿಜವೇ. ಅರ್ಧ ದಿನದ ಕೂಲಿ ಹೆಚ್ಚಾದೀತು, ಕೊಡಲಿ. ಬೆಂಕಿಯ ದೀಪದಿಂದ ಸುಟ್ಟು ಬಣ್ಣ ಕೀಳುವ ಪದ್ಧತಿ ಇನ್ನೂ ಕೆಟ್ಟದ್ದು. ಸೀಸ ಹೊಗೆಯಾಗಿ ಶ್ವಾಸಕೋಶಕ್ಕೇ ಸೇರುತ್ತದೆ.

ಮೂಗಿಗೆ ಕಟ್ಟಿದ ಕರವಸ್ತ್ರ ಸೂಕ್ಷ್ಮ ಧೂಳನ್ನು ತಡೆಯದು. ಎನ್-೯೫ ಮುಖವಾಡ ತಡೆಯುತ್ತದೆ, ಮುಖಕ್ಕೆ ಬಿಗಿಯಾಗಿ ಕೂತರೆ. ಆದರೆ ಟರ್ಪೆಂಟೈನ್ ಆವಿಗೆ ಅದೂ ನಿರುಪಯೋಗಿ, ಅಲ್ಲಿ ತೆರೆದ ಕಿಟಕಿಯೇ ಗತಿ. ಮುಖವಾಡವನ್ನು ಪೇಂಟರನಿಗೂ ಕೊಡಬೇಕು. ಅವನೂ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವನೇ. ಅಂಗಿಗೆ ಮೆತ್ತಿದ ಧೂಳನ್ನು ಸಂಜೆ ತನ್ನ ಮಕ್ಕಳ ಬಳಿಗೆ ಹೊತ್ತೊಯ್ಯುವವನು. ಸ್ವಂತ ಕೈಯಿಂದ ಬಣ್ಣ ಹಚ್ಚಲು ಹೊರಟ ನಿವೃತ್ತರು ರೋಲರಿಗೆ ಉದ್ದ ಕೋಲು ಜೋಡಿಸಿಕೊಳ್ಳಲಿ. ಕುರ್ಚಿಯ ಮೇಲೆ ಸ್ಟೂಲಿಟ್ಟು ಹತ್ತಿದರೆ ಸೊಂಟದ ಮೂಳೆಗೆ ಕುತ್ತು. ನಯಗೋಡೆಗೆ ಗಿಡ್ಡ ರೋಮದ ರೋಲರ್, ಒರಟು ಗೋಡೆಗೆ ಉದ್ದ ರೋಮದ್ದು.

ಕೆಲಸ ಮುಗಿದ ಮೇಲೆ ಪೊರಕೆ ಹಿಡಿಯಬಾರದು. ಕೂತ ಧೂಳು ಮತ್ತೆ ಏಳುತ್ತದೆ. ಮೊದಲು ಸಾಬೂನುನೀರಿನ ಬಟ್ಟೆಯಿಂದ, ಅನಂತರ ಬೇರೊಂದು ಬಟ್ಟೆಯಲ್ಲಿ ಶುದ್ಧ ನೀರಿನಿಂದ ನೆಲವನ್ನೂ ಕಿಟಕಿಯ ಸಂದುಗಳನ್ನೂ ಒರೆಸಿ, ಆ ಬಟ್ಟೆಗಳನ್ನೂ ಉಜ್ಜಿದ ಕಾಗದವನ್ನೂ ಚೀಲದಲ್ಲಿ ಕಟ್ಟಿ ಬಿಸುಡಬೇಕು. ಬಕೀಟಿನಲ್ಲಿ ಉಳಿದ ಬಣ್ಣದ ನೀರನ್ನು ಬಾಲ್ಕನಿಯ ಕುಂಡಗಳಿಗೆ ಸುರಿಯಕೂಡದು. ಅವುಗಳಲ್ಲೊಂದು ಸಾಮಾನ್ಯವಾಗಿ ತುಳಸಿಯದು, ಇನ್ನೊಂದು ಕರಿಬೇವಿನದು.