ಪುಸ್ತಕಗಳಿಗೇಕೆ ಪಂಕ್ತಿಭೇದ?

ಪತ್ತೇದಾರಿ ಕಾದಂಬರಿ ಓದಿದರೆ ಮಕ್ಕಳು ಕೆಡುತ್ತಾರಂತೆ; ತ್ರಿವೇಣಿ, ಎಂ.ಕೆ. ಇಂದಿರಾ ಬರೆದದ್ದು ಅಡುಗೆಮನೆ ಸಾಹಿತ್ಯವಂತೆ. ಇದೇ ನೆಪದಲ್ಲಿ ಶಾಲೆಯ ಪುಸ್ತಕದ ಬೀರುವಿಗೆ ಬೀಗ ಬೀಳುವುದನ್ನು ಕಂಡಿದ್ದೇನೆ.

ನಾನು ಎನ್. ನರಸಿಂಹಯ್ಯನವರನ್ನೂ ಓದಿದೆ, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕೂಡ ಓದಿದೆ. ಒಂದು ಇನ್ನೊಂದಕ್ಕೆ ಅಡ್ಡ ಬರಲಿಲ್ಲ. ಪತ್ತೇದಾರನ ಬೆನ್ನುಹತ್ತಿ ಓಡಿದ್ದರಿಂದಲೇ ದೊಡ್ಡ ಕಾದಂಬರಿಯ ನೂರಾರು ಪುಟ ದಾಟುವ ಕಸುವು ಬಂತು.

ಇಂದಿರಾ ಅವರ ‘ಫಣಿಯಮ್ಮ’ (1976) ತಲೆ ಬೋಳಿಸಿಕೊಳ್ಳಬೇಕಾಗಿ ಬಂದ ಬಾಲವಿಧವೆಯ ಬದುಕು. ಇದು ಬರೀ ಅಡುಗೆಮನೆಯ ವಿಷಯವೆ? ಹಾಗಿದ್ದರೆ ಚರಿತ್ರೆಕಾರರೂ ಒಮ್ಮೆ ಅಡುಗೆಮನೆಗೆ ಬಂದು ಹೋಗಲಿ.

ಪುಸ್ತಕಗಳಿಗೆ ಪಂಕ್ತಿಭೇದ ಮಾಡುವವರೇ, ಮೊದಲು ಆ ಬೀಗ ತೆಗೆಯಿರಿ. ಮಕ್ಕಳು ಎಲ್ಲವನ್ನೂ ಓದಲಿ. ಓದುತ್ತ ಓದುತ್ತ ಕಾಳು ಯಾವುದು, ಜೊಳ್ಳು ಯಾವುದು ಎಂದು ಕೇರಿಕೊಳ್ಳಲು ಅವರೇ ಕಲಿಯುತ್ತಾರೆ. ಮೊರವನ್ನೇ ಕಸಿದುಕೊಂಡರೆ ಕೇರುವುದು ಹೇಗೆ?