ನಿಲುವಿನಲ್ಲೇ ಅರ್ಧ ಆಟ

1949ರ ಫೆಬ್ರವರಿ 2ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಹೆದ್ದಾರಿಯಲ್ಲಿ ಮಂಜು ಕವಿದಿತ್ತು. ಗಾಲ್ಫ್ ಪಟು ಬೆನ್ ಹೋಗನ್ ಪತ್ನಿಯೊಡನೆ ಕಾರಿನಲ್ಲಿ ಮನೆಗೆ ಮರಳುತ್ತಿದ್ದನು. ಮುಂದಿನ ವಾಹನವನ್ನು ಹಿಂದೆ ಹಾಕುವ ಭರದಲ್ಲಿ ಬಸ್ಸೊಂದು ಎದುರಿಗೇ ನುಗ್ಗಿ ಬಂದಿತು. ಪತ್ನಿಯನ್ನು ಉಳಿಸಲೆಂದು ಹೋಗನ್ ಆಕೆಗೆ ಅಡ್ಡಲಾಗಿ ಬಿದ್ದನು. ಆಕೆ ಸಣ್ಣಪುಟ್ಟ ಗಾಯಗಳೊಡನೆ ಪಾರಾದಳು. ಆತನ ಸೊಂಟದ ಮೂಳೆ, ಕೊರಳೆಲುಬು, ಎಡಗಾಲಿನ ಹರಡು ಮುರಿದವು. ಆತನು ಮತ್ತೆ ನಡೆಯುವುದೇ ಸಂದೇಹವೆಂದು ವೈದ್ಯರು ಅಂಜಿದರು.

ಹದಿನಾರು ತಿಂಗಳುಗಳ ತರುವಾಯ, 1950ರ ಜೂನ್‌ನಲ್ಲಿ, ಅದೇ ಹೋಗನ್ ಕಾಲುಗಳಿಗೆ ಪಟ್ಟಿ ಸುತ್ತಿಕೊಂಡು ಮೆರಿಯನ್ ಮೈದಾನದಲ್ಲಿ ಅಮೆರಿಕದ ಓಪನ್ ಪಂದ್ಯವನ್ನಾಡಿದನು. ಕೊನೆಯ ದಿನ 36 ಕುಳಿಗಳ ಆಟ. ಮೂವರು ಸಮಸಮವಾಗಿ ನಿಂತರು. ಮರುದಿನದ ನಿರ್ಣಾಯಕ ಆಟವನ್ನು 69 ಹೊಡೆತಗಳಲ್ಲಿ ಮುಗಿಸಿ ಹೋಗನ್ ವಿಜಯಿಯಾದನು.

ಕಾಲೂರುವುದನ್ನೇ ಮತ್ತೆ ಕಲಿಯಬೇಕಾಗಿ ಬಂದ ಈತನು 1957ರಲ್ಲಿ ಪ್ರಕಟಿಸಿದ ಐದು ಪಾಠಗಳಲ್ಲಿ ಎರಡನೆಯದನ್ನು ನಿಲುವಿಗೇ ಮೀಸಲಿಟ್ಟನು. ಬಲಗೈ ಆಟಗಾರನು ಪಾದಗಳನ್ನು ಸುಮಾರು ಭುಜದಗಲಕ್ಕೆ ಇರಿಸಬೇಕು. ಬಲಪಾದವು ಚೆಂಡು ಸಾಗುವ ದಾರಿಗೆ ಲಂಬವಾಗಿರಲಿ. ಎಡಪಾದದ ತುದಿ ಸುಮಾರು 22 ಡಿಗ್ರಿಯಷ್ಟು ಹೊರಕ್ಕೆ ತಿರುಗಿರಲಿ. ನೇರವಾದ ಬಲಪಾದವು ದಾಂಡನ್ನೆತ್ತುವಾಗ ಸೊಂಟವು ಅತಿಯಾಗಿ ತಿರುಗದಂತೆ ತಡೆಯುತ್ತದೆ. ಹೊರಚಾಚಿದ ಎಡಪಾದವು ಹೊಡೆಯುವಾಗ ದೇಹವು ಮುಂದಕ್ಕೆ ತಿರುಗಲು ಎಡೆಗೊಡುತ್ತದೆ.

ಹೊಸಬರು ಚೆಂಡನ್ನು ಇಣುಕಿ ನೋಡುವ ಆತುರದಲ್ಲಿ ಬೆನ್ನನ್ನು ಗೂನು ಮಾಡಿ, ಭಾರವನ್ನೆಲ್ಲ ಕಾಲ್ಬೆರಳುಗಳ ಮೇಲೆ ಹಾಕುವುದುಂಟು. ಹಾಗೆ ನಿಂತವರು ದಾಂಡು ಬೀಸಿದೊಡನೆ ಮುಗ್ಗರಿಸುತ್ತಾರೆ. ಬೆನ್ನು ನೇರವಾಗಿಯೇ ಉಳಿದು, ತೊಡೆಯ ಸಂದಿನಿಂದ ದೇಹ ಬಾಗಬೇಕು. ಎತ್ತರದ ಮಣೆಯ ಮೇಲೆ ಇನ್ನೇನು ಕುಳಿತುಕೊಳ್ಳುವವರಂತೆ ಮಂಡಿಗಳು ತುಸುವೇ ಮಡಿಯಬೇಕು. ತೋಳುಗಳು ಬಿಗಿಯಿಲ್ಲದೆ ಇಳಿಬಿದ್ದಿರಬೇಕು.

ಇನ್ನು ಚೆಂಡಿನ ಸ್ಥಾನ. ಗೂಟದ ಮೇಲಿರಿಸಿದ ಚೆಂಡನ್ನು ಉದ್ದನೆಯ ದಾಂಡಿನಿಂದ ದೂರಕ್ಕೆ ಹೊಡೆಯುವಾಗ ಅದು ಎಡ ಹಿಮ್ಮಡಿಯ ಒಳಬದಿಗೆ ನೇರವಾಗಿರಬೇಕು. ದಾಂಡು ಕೆಳಗಿಳಿದು ಮೇಲೇಳುವ ಹೊತ್ತಿಗೆ ಚೆಂಡು ಸಿಕ್ಕುತ್ತದೆ. ಹುಲ್ಲಿನ ಮೇಲಿನ ಚೆಂಡನ್ನು ಗಿಡ್ಡ ದಾಂಡಿನಿಂದ ಹೊಡೆಯುವಾಗ ದಾಂಡು ಇಳಿಯುತ್ತಲೇ ಮೊದಲು ಚೆಂಡನ್ನೂ ಆಮೇಲೆ ನೆಲವನ್ನೂ ತಾಗಬೇಕು. ಆದಕಾರಣ ಅನೇಕ ಶಿಕ್ಷಕರು ಚೆಂಡನ್ನು ಪಾದಗಳ ನಡುವಿನತ್ತ ಸರಿಸಲು ಹೇಳುತ್ತಾರೆ. ಹೋಗನ್ ಮಾತ್ರ ಚೆಂಡನ್ನು ಎಡ ಹಿಮ್ಮಡಿಯ ಬಳಿಯಲ್ಲೇ ಇರಿಸಿ, ಬಲಪಾದವನ್ನು ಎಡಕ್ಕೆ ಹತ್ತಿರ ತರುತ್ತಿದ್ದನು. ಎರಡು ಕ್ರಮಗಳಲ್ಲಿ ಯಾವುದನ್ನು ಹಿಡಿದರೂ ಅದನ್ನೇ ಕೊನೆಯವರೆಗೆ ಅನುಸರಿಸುವುದು ಲೇಸು.

ಈ ಅಭ್ಯಾಸಕ್ಕೆ ಮೈದಾನವಾಗಲಿ ಬೆಲೆಬಾಳುವ ದಾಂಡುಗಳಾಗಲಿ ಬೇಕಿಲ್ಲ. ಮನೆಯ ನಿಲುಗನ್ನಡಿಯೆದುರು ದಿನಕ್ಕೆ ಹತ್ತು ನಿಮಿಷ ನಿಂತರೂ ಬೆನ್ನಿನ ಗೂನು ಕಣ್ಣಿಗೆ ಬೀಳುತ್ತದೆ. ಚೆಂಡು ಹಾರಿದ ಮೇಲೆ ಅದನ್ನು ತಿದ್ದುವಂತಿಲ್ಲ. ಹೊಡೆಯುವ ಮೊದಲು ಪಾದವನ್ನು ತಿದ್ದಿಕೊಳ್ಳಲು ಎಲ್ಲರಿಗೂ ಬಿಡುವುಂಟು.