ಹಳೇ ಕಾಲುವೆ ಇರುವ ಜಮೀನು ಕೊಳ್ಳುವ ಮುಂಚೆ

2016ರಲ್ಲಿ ನಮ್ಮ ಹೊಲದ ಪಕ್ಕ ಒಂದು ಹಳೇ ಹೆಂಚಿನ ಮನೆ, ಅದರ ಸುತ್ತಿನ ಮೂರೆಕರೆ ಖುಷ್ಕಿ ಜಮೀನು ಮಾರಾಟಕ್ಕೆ ಬಂತು. ಮಾಲೀಕರ ಮಕ್ಕಳು ಬೆಂಗಳೂರು ಸೇರಿಬಿಟ್ಟಿದ್ದರು. ಕಡಲೆಕಾಯಿ ಮಾರಿದ ದುಡ್ಡು, ಮನೆಯವಳ ಒಡವೆ, ಒಂದಷ್ಟು ಕೈಸಾಲ ಸೇರಿಸಿ ಕೊಂಡೆ. ಮನೆ ಹಿಂದೆ ಹೊಲದ ಉದ್ದಕ್ಕೂ ಒಂದು ಹಳೇ ಕಾಲುವೆ ಇತ್ತು. ಅರ್ಧ ಹೂಳು ತುಂಬಿತ್ತು, ಮೇಲೆಲ್ಲಾ ಜಾಲಿ, ಲಂಟಾನ. ಒಂದು ಕಡೆ ಕಲ್ಲು ಚಪ್ಪಡಿ ಹಾಸಿದ ಮೋರಿ, ಅದಕ್ಕೆ ಹಳೇ ಗಾರೆ. ನಮ್ಮ ತಾತನ ಕಾಲಕ್ಕೇ ಅದು ಹಳೇ ಕಾಲುವೆ.

ವ್ಯಾಪಾರ ಕುದುರಿಸಿದ ದಲ್ಲಾಳಿ ಹೇಳಿದ, “ಜೆಸಿಬಿ ಒಂದು ಗಂಟೆ ಆಡಿಸಿದ್ರೆ ಸಾಕು ಯಜಮಾನ್ರೆ, ಎಂಟು ಗುಂಟೆ ನಿಮಗೆ ಪುಕ್ಕಟೆ ಸಿಗ್ತದೆ.” ಏರಿ ಸೇರಿಸಿ 22 ಅಡಿ ಅಗಲ, 400 ಅಡಿ ಉದ್ದ. ಲೆಕ್ಕ ಹಾಕಿದರೆ ಸುಮಾರು ಎಂಟು ಗುಂಟೆ. ಮೂರೆಕರೆಯವನಿಗೆ ಎಂಟು ಗುಂಟೆ ಅಂದ್ರೆ ಸಣ್ಣದಲ್ಲ. ಮಾರನೇ ವರ್ಷ ರಸ್ತೆ ಕಡೆಯ 120 ಅಡಿ ಮುಚ್ಚಿಸಿದೆ. ಅಲ್ಲಿ ಮುಸುಕಿನಜೋಳ ಹಾಕಿದೆ. ನಾಲ್ಕು ವರ್ಷ ಏನೂ ಆಗಲಿಲ್ಲ. ಮಳೆಯೇ ಇಲ್ಲದ ಮೇಲೆ ಕಾಲುವೆ ಯಾರಿಗೆ ಬೇಕು ಅಂತ ನಾನೂ ಊರಲ್ಲಿ ಮಾತಾಡಿದ್ದುಂಟು.

2021ರ ನವೆಂಬರ್ ಮಳೆ ನಮ್ಮ ಚಿಕ್ಕಬಳ್ಳಾಪುರ, ಕೋಲಾರ ಕಡೆಯ ರೈತರಿಗೆಲ್ಲಾ ನೆನಪಿದೆ. ಮೇಲಿನ ಗುಡ್ಡದ ನೀರು ಕಾಲುವೆ ಹಿಡಿದು ಬಂತು, ನಾನು ಮುಚ್ಚಿದ ಜಾಗದಲ್ಲಿ ನಿಂತಿತು. ರಾತ್ರಿ ಏರಿ ಒಡೆದುಕೊಂಡು ಪಕ್ಕದ ಹೊಲಕ್ಕೆ ನುಗ್ಗಿತು. ಅದು ಗಂಡ ಇಲ್ಲದ ಒಬ್ಬ ಹೆಣ್ಣುಮಗಳ ಹೊಲ. ಕೊಯ್ಯಲಿಕ್ಕೆ ಬಂದಿದ್ದ ಒಂದೆಕರೆ ರಾಗಿ ಮಲಗಿತು, ತೆನೆಯಲ್ಲೇ ಮೊಳಕೆ ಬಂತು. ಬೆಳಿಗ್ಗೆ ಬಂದು ಆಕೆ ನನ್ನ ಮೇಲೆ ಕೂಗಾಡಲಿಲ್ಲ. “ಅಣ್ಣಾ, ಮಳೇನ ದೇವರು ಕಳಿಸಿದ. ಕಾಲುವೆ ಮುಚ್ಚಿದ್ದು ಯಾರು?” ಅಂದಳು, ಅಷ್ಟೆ. ಎರಡು ಮೂಟೆ ರಾಗಿ ಕೊಟ್ಟೆ. ಆಕೆಗಾದ ನಷ್ಟಕ್ಕೆ ಅದು ಸಾಟಿಯಾಗಲಿಲ್ಲ ಅಂತ ನನಗೂ ಗೊತ್ತು, ಆಕೆಗೂ ಗೊತ್ತು.

ನನ್ನ ತಪ್ಪನ್ನು ಈ ಪುಟದಲ್ಲಿ ಬರೆಯುವುದಕ್ಕೆ ಕಾರಣ ಇದೆ. 2020ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಬೇಸಾಯ ಮಾಡದವರೂ ಕೃಷಿ ಜಮೀನು ಕೊಳ್ಳಬಹುದು. ಹಳೇ ಮನೆ, ನಾಲ್ಕು ಮಾವಿನ ಮರ ಇರುವ ಜಾಗ ಹುಡುಕಿಕೊಂಡು ಪಟ್ಟಣದವರು ಬರುತ್ತಾರೆ. ಕೊಂಡ ತಕ್ಷಣ ಸುತ್ತ ಕಾಂಪೌಂಡ್ ಎಬ್ಬಿಸುತ್ತಾರೆ, ಕಾಲುವೆ ಅದರೊಳಗೆ ಸೇರಿಹೋಗುತ್ತದೆ. ಅವರನ್ನು ಬೈಯ್ಯುವುದು ಸುಲಭ. ಆದರೆ ಮುಚ್ಚುವ ಕೆಲಸ ಮೊದಲು ಮಾಡಿದವರು ನಾವೇ, ರೈತರೇ. ನೋಡಿ ಗೊತ್ತಿದ್ದವರೇ ಮುಚ್ಚಿದ ಮೇಲೆ ಗೊತ್ತಿಲ್ಲದವರು ಬಿಡುತ್ತಾರಾ?

ಹಳೇ ಕಾಲುವೆ ಅಂದರೆ ಪಾಳುಬಿದ್ದ ಗುಂಡಿ ಅಲ್ಲ. ನಮ್ಮ ಗೌರಿಬಿದನೂರು ತಾಲ್ಲೂಕಿನ ಕಲ್ಲೂಡಿಯಲ್ಲಿ 1388ರ ಕಾಲದ ಒಂದು ಶಾಸನ ಇದೆ. ವಿಜಯನಗರದ ರಾಜಕುಮಾರ ಬುಕ್ಕರಾಯ ಪೆನುಗೊಂಡೆಗೆ ನೀರು ತರಬೇಕೆಂದು ಅಪ್ಪಣೆ ಮಾಡಿದ. ಜಲವಿದ್ಯೆ ಬಲ್ಲ ಸಿಂಗಾಯಭಟ್ಟ ಎಂಬಾತ ಹೆನ್ನೆ ನದಿಯಿಂದ, ಅಂದರೆ ಈಗಿನ ಉತ್ತರ ಪಿನಾಕಿನಿಯಿಂದ, ಕಾಲುವೆ ತೆಗೆದು ಪೆನುಗೊಂಡೆ ಕಡೆಯ ಕೆರೆಗೆ ನೀರು ಹರಿಸಿದ. ಅದಕ್ಕೆ ಪ್ರತಾಪ ಬುಕ್ಕರಾಯ ಮಂಡಲ ಕಾಲುವೆ ಅಂತ ಹೆಸರಿಟ್ಟರು. ನನ್ನ ಹೊಲದ್ದು ಆ ಕಾಲುವೆ ಅಂತ ನಾನು ಹೇಳುತ್ತಿಲ್ಲ. ಆದರೆ ಆರುನೂರು ವರ್ಷದ ಹಿಂದೆಯೇ ಈ ಬರಡು ಸೀಮೆಯಲ್ಲಿ ಪಂಪು, ಕರೆಂಟು ಯಾವುದೂ ಇಲ್ಲದೆ ಬರೀ ನೆಲದ ಇಳಿಜಾರು ನೋಡಿ ನೀರು ನಡೆಸುವ ಜನ ಇದ್ದರು. ಅಂಥ ವಾಟ ಹಿಡಿಯುವುದು ಸಾಮಾನ್ಯ ಕೆಲಸ ಅಲ್ಲ. ಒಂದು ಸಲ ಮುಚ್ಚಿದರೆ ಅದೇ ವಾಟ ಮತ್ತೆ ಹಿಡಿಯುವುದು ಎಷ್ಟು ಕಷ್ಟ ಅಂತ ತೆಗೆಸಿದ ನನಗೆ ಗೊತ್ತು.

ಒಂದೆಕರೆ ಮೇಲೆ ಒಂದಂಗುಲ ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರು. ಗುಡ್ಡದ ಮೇಲೆ ಐವತ್ತೆಕರೆ ಇದ್ದರೆ ಐವತ್ತು ಲಕ್ಷ. ಅದರಲ್ಲಿ ಕಾಲುಭಾಗ ಇಳಿದು ಬಂದರೂ ಎಲ್ಲಿಗೋ ಹೋಗಲೇಬೇಕು. ಕಾಲುವೆ ಇದ್ದರೆ ಕೆರೆಗೆ ಹೋಗುತ್ತದೆ, ಇಲ್ಲದಿದ್ದರೆ ಪಕ್ಕದವರ ರಾಗಿಗೆ ಹೋಗುತ್ತದೆ. 2018ರಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಬಿಡಲು ಶುರು ಮಾಡಿದರು. ಆ ನೀರಿನ ಗುಣದ ಬಗ್ಗೆ ಇರುವ ವಾದ ಬೇರೆ. ಆದರೆ ಪೈಪಿನಲ್ಲಿ ಒಂದು ಕೆರೆಗೆ ಬಂದ ನೀರು ಮುಂದಿನ ಕೆರೆಗೆ ಹೋಗುವುದು ಹಳೇ ಹಳ್ಳ, ಹಳೇ ಕಾಲುವೆ ಹಿಡಿದೇ. ಕೋಟಿಗಟ್ಟಲೆ ಖರ್ಚು ಮಾಡಿದ ಮೇಲೂ ನಮ್ಮ ಹಿರಿಯರು ತೋಡಿದ್ದೇ ಬೇಕಾಯಿತು.

“ಹಾಗಾದರೆ ಎಂಟು ಗುಂಟೆ ನಷ್ಟ ನಾವೇ ಹೊರಬೇಕಾ?” ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟೆ: ಆ ನಷ್ಟವನ್ನು ಕೊಳ್ಳುವಾಗಲೇ ಬೆಲೆಯಲ್ಲಿ ಕಳೆಯಿರಿ, ಕೊಂಡ ಮೇಲೆ ಕಾಲುವೆಯಲ್ಲಿ ಹುಡುಕಬೇಡಿ. ಪಹಣಿಯ ಮೂರನೇ ಕಾಲಂ ನೋಡಿ. ಒಟ್ಟು ವಿಸ್ತೀರ್ಣ, ಖರಾಬು ‘ಅ’, ಖರಾಬು ‘ಬ’, ಉಳಿದದ್ದು ಅಂತ ಬೇರೆ ಬೇರೆ ಬರೆದಿರುತ್ತದೆ. ‘ಅ’ ಅಂದರೆ ಬಂಡೆಯಂಥ, ಸಾಗುವಳಿಗೆ ಬಾರದ ಜಾಗ. ‘ಬ’ ಅಂದರೆ ದಾರಿ, ಹಳ್ಳ, ಕಾಲುವೆಯಂಥ ಸಾರ್ವಜನಿಕರ ಜಾಗ. ಅದು ಮಾರುವವನದ್ದಲ್ಲ, ಆದ್ದರಿಂದ ಕೊಂಡವನದ್ದೂ ಆಗುವುದಿಲ್ಲ. ನಾನು ಒಟ್ಟು ವಿಸ್ತೀರ್ಣ ನೋಡಿ ದುಡ್ಡು ಎಣಿಸಿದೆ. ನನ್ನದಲ್ಲದ ನೆಲಕ್ಕೂ ಬೆಲೆ ಕೊಟ್ಟು, ಆಮೇಲೆ ಅದನ್ನು ವಸೂಲು ಮಾಡಲು ಹೋಗಿ ಕಾಲುವೆ ಮುಚ್ಚಿದೆ. ಮೊದಲ ತಪ್ಪಿನಿಂದಲೇ ಎರಡನೇ ತಪ್ಪು ಹುಟ್ಟಿತು.

ಪಹಣಿ ಒಂದನ್ನೇ ನಂಬಬೇಡಿ. ಗ್ರಾಮನಕಾಶೆ, ಸರ್ವೇ ಟಿಪ್ಪಣಿ ತೆಗೆಸಿ ನೋಡಿ. ಅಡ್ವಾನ್ಸ್ ಕೊಡುವ ಮುಂಚೆ ಊರಿನ ಒಬ್ಬ ಹಿರಿಯರನ್ನೋ ನೀರುಗಂಟಿಯನ್ನೋ ಕರಕೊಂಡು ಕಾಲುವೆ ಗುಂಟ ಮೇಲಕ್ಕೂ ಕೆಳಕ್ಕೂ ನಡೆಯಿರಿ. ನೀರು ಎಲ್ಲಿಂದ ಬರುತ್ತದೆ, ಯಾರ ಹೊಲ ದಾಟುತ್ತದೆ, ಯಾವ ಕೆರೆ ಸೇರುತ್ತದೆ ಅಂತ ಕೇಳಿ. ಆಗುವುದಾದರೆ ಒಂದು ಜೋರು ಮಳೆ ದಿನ ಹೋಗಿ ನೋಡಿ. ಕಾಗದದಲ್ಲಿ ಬಿಟ್ಟುಹೋದದ್ದು ಆವತ್ತು ಕಣ್ಣಿಗೆ ಬೀಳುತ್ತದೆ.

2022ರ ಬೇಸಿಗೆಯಲ್ಲಿ ಮುಚ್ಚಿದ್ದನ್ನು ತೆಗೆಸಿದೆ. ಮುಚ್ಚಲು ಜೆಸಿಬಿಗೆ ಒಂದು ಗಂಟೆ ಹಿಡಿದಿತ್ತು, ತೆಗೆಯಲು ಆರು ಗಂಟೆ. ಮೋರಿಯ ಎರಡು ಚಪ್ಪಡಿ ಒಡೆದುಹೋಗಿದ್ದವು, ಬೇರೆ ತಂದು ಕೂರಿಸಿದೆ. ಏರಿ ಮೇಲೆ ಹೊಂಗೆ ಹಾಕಿದೆ. ಆ ವರ್ಷವೂ ಮಳೆ ಜೋರಾಗೇ ಬಂತು. ನೀರು ಕಾಲುವೆ ಬಿಟ್ಟು ಒಂದಡಿ ಆಚೆ ಹೋಗಲಿಲ್ಲ, ನೆಟ್ಟಗೆ ಕೆರೆ ಸೇರಿತು. ಇದರಿಂದ ನನ್ನ ಬೋರ್‌ವೆಲ್ ತುಂಬಿತು ಅಂತ ಕತೆ ಕಟ್ಟುವುದಿಲ್ಲ, ಆ ವರ್ಷ ಸುತ್ತಮುತ್ತ ಎಲ್ಲರ ಬೋರ್‌ವೆಲ್‌ನಲ್ಲೂ ನೀರು ಏರಿತ್ತು. ಪಕ್ಕದ ಹೊಲದ ರಾಗಿ ಮಾತ್ರ ಮನೆ ಸೇರಿತು.

ಮನೆ, ಹೊಲ ನಮ್ಮ ಹೆಸರಿಗೆ ಖಾತೆ ಆಗಬಹುದು. ನೀರಿನ ದಾರಿ ಯಾರ ಹೆಸರಿಗೂ ಖಾತೆ ಆಗುವುದಿಲ್ಲ. ನಿಮ್ಮ ಹೊಲದಲ್ಲೂ ಇಂಥ ಕಾಲುವೆ ಇದ್ದರೆ ಈ ಬೇಸಿಗೆ ಕಳೆಯುವುದರೊಳಗೆ ಜಾಲಿ ಕಡಿದು ಒಂದು ಸಲ ಅದರ ಉದ್ದಕ್ಕೂ ನಡೆದು ನೋಡಿ. ಮುಚ್ಚಿದ್ದರೆ ತೆಗೆಸಿ. ನನ್ನ ಹಾಗೆ ಪಕ್ಕದವರ ರಾಗಿ ಮಲಗುವ ತನಕ ಕಾಯಬೇಡಿ.